ಕೀ ಅಳಿಯನ ಗ್ರಾಮಫೋನು

ಮಾವನ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ನನ್ನ ಯೋಗ್ಯತೆಗೆ ಸಿಕ್ಕಿದ್ದಲ್ಲ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ. ನಾನು ಆ ಮನೆಯ ಎರಡನೆಯ ಅಳಿಯ. ಹಿರಿಯ ಅಳಿಯ, ನನ್ನ ಷಡ್ಡಕ ಚಿಕ್ಕವೆಂಕಟಪ್ಪನವರು, ಮದುವೆಯ ಮಾರನೆಯ ದಿನವೇ ಮಾವನವರ ಗ್ರಾಮಫೋನು ಮುರಿದು ಹೆಸರು ಕೆಡಿಸಿಕೊಂಡಿದ್ದರು. ಅವರು ಅಷ್ಟು ಕೆಳಗೆ ಇದ್ದುದರಿಂದ ನಾನು ಏನೂ ಮಾಡದೆಯೇ ಮೇಲಿದ್ದೆ. ಹಬ್ಬದ ದಿನ ನನಗೆ ಕುರ್ಚಿ, ಅವರಿಗೆ ಕೆಟ್ಟು ಕೂತ ಯಾವುದಾದರೊಂದು ಯಂತ್ರ.

ಅದು ಅರವತ್ತನಾಲ್ಕನೆಯ ಇಸವಿಯ ಮಾತು. ನಾನಿನ್ನೂ ಆಗ ಅಳಿಯನಾಗಿರಲಿಲ್ಲ. ಆದರೂ ಆ ಕತೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ನಾನೇ ಅಲ್ಲಿ ಕೋಸಂಬರಿ ತಿನ್ನುತ್ತ ನಿಂತಿದ್ದೆ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಮಾವ ಆಂಜಿನಪ್ಪನವರು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಹೆಸರಾದ ಕೈಮಗ್ಗದವರು, ಎಡಚರು. ಎರಡನೆಯ ಮಹಾಯುದ್ಧ ಮುಗಿದ ವರ್ಷ, ಬೆಂಗಳೂರಿನ ದಂಡಿನಲ್ಲಿ, ಇಂಗ್ಲೆಂಡಿಗೆ ಹೊರಟಿದ್ದ ಯಾವನೋ ಬಿಳಿಯ ದೊರೆಯಿಂದ ಕೀ ಕೊಡುವ ಗ್ರಾಮಫೋನು ಕೊಂಡು ತಂದಿದ್ದರು. ಬೀದಿಗೆಲ್ಲ ಅದೊಂದೇ. ಬೀಗರ ಔತಣದ ದಿನ ಗಂಡಿನ ಕಡೆಯವರೆಲ್ಲ ಸುತ್ತ ಕೂತು ಪ್ಲೇಟು ಹಾಕಿ ಎಂದು ಹಟ ಹಿಡಿದರು. ಮಾವನವರು ಹಿಡಿಯನ್ನು ಹೊಸ ಅಳಿಯನ ಕೈಗೆ ಕೊಟ್ಟು, “ನೀವೇ ಕೀ ಕೊಡಿ, ಅಳಿಯಂದಿರೇ” ಎಂದರು. ಇಪ್ಪತ್ತೈದರ ಚಿಕ್ಕವೆಂಕಟಪ್ಪನವರು ಹೆಂಡತಿ ನೋಡುತ್ತಿದ್ದಾಳೆಂದು ತೋಳು ಮಡಚಿ ತಿರುಗಿಸಿದರು. ಹನ್ನೊಂದನೆಯ ಸುತ್ತಿಗೆ ಒಳಗಡೆ ಏನೋ ಠಳ್ ಎಂದಿತು. ಹಿಡಿ ಸಡಿಲವಾಗಿ ಗಿರಗಿರನೆ ತಿರುಗಿತು. ಪ್ಲೇಟು ಅಲುಗಲಿಲ್ಲ.

ಅಷ್ಟೇ. ಊರ ಬಾಯಿಗೆ ಮುಚ್ಚಳವುಂಟೆ? ಆ ಸಂಜೆಗೆ ಅವರು ‘ಕೀ ಅಳಿಯ’ ಆದರು. ಮಾವನವರ ತಂಗಿ ನರಸಮ್ಮ, ಬಾಯಿ ಜೋರಿನ ಹೆಂಗಸು, ಆ ಹೆಸರನ್ನು ಮೊದಲು ಆಡಿದವರು. ಆಮೇಲೆ ಯಾರ ಮದುವೆಯಾಗಲಿ, ನಾಮಕರಣವಾಗಲಿ, “ಅವರ ಕೈಗೆ ಏನೂ ಕೊಡ್ಬೇಡ್ರಪ್ಪ” ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಇದರಲ್ಲಿ ತಮಾಷೆಯೆಂದರೆ, ಆ ಮನುಷ್ಯ ಮುಂದೆ ಊರಿಗೇ ದೊಡ್ಡ ಮಗ್ಗದ ಮೆಕ್ಯಾನಿಕ್ ಆದರು. ಊರ ತುಂಬ ಪವರ್‌ಲೂಮು ಬಂದ ಮೇಲೆ, ಯಾವ ಶೆಡ್ಡಿನಲ್ಲಿ ಲಾಳಿ ಹಾರಿ ಬಿದ್ದರೂ, ಬೆಲ್ಟು ಜಾರಿದರೂ, ಸೀರೆಗೆ ಹೂಬಳ್ಳಿ ಎತ್ತುವ ಜಕಾರ್ಡು ಮುನಿಸಿಕೊಂಡರೂ ಮೊದಲು ಬರುವ ಹೆಸರು ಅವರದೇ. ಅವರು ಯಂತ್ರವನ್ನು ಕಣ್ಣಿನಿಂದ ನೋಡುವವರಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮಗ್ಗಕ್ಕೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ಆಮೇಲೆ, “ಎಡಗಡೆ ಬೇರಿಂಗ್ ಅಳ್ತಾ ಐತೆ” ಎನ್ನುತ್ತಾರೆ. ಬಿಚ್ಚಿ ನೋಡಿದರೆ ಅದೇ.

ಇಂಥ ಮನುಷ್ಯ ಮಾವನ ಮನೆಯ ಹೊಸ್ತಿಲು ದಾಟಿದರೆ ಸಾಕು, ಕಳ್ಳನಂತಾಗಿಬಿಡುತ್ತಿದ್ದರು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಇಪ್ಪತ್ತೇಳು ವರ್ಷ ಆ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಿದರು. ಬಾವಿಯ ರಾಟೆ, ಪಂಪ್ ಸ್ಟೌವು, ಗೋಡೆ ಗಡಿಯಾರ, ಮಿಕ್ಸಿ, ಟೀವಿಯ ಆಂಟೆನಾ, ನರಸಮ್ಮನವರ ಕನ್ನಡಕದ ಕಾಲು. ಗ್ರಾಮಫೋನನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಅದು ದೇವರ ಮನೆಯ ಪಕ್ಕದಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಅವರು ಆ ಕಡೆ ತಿರುಗಿದರೆ ಮಾವನವರು, “ಅದೊಂದು ಬಿಡಿ ಅಳಿಯಂದಿರೇ, ಹೋಗಿದ್ದು ಹೋಯ್ತು” ಎನ್ನುತ್ತಿದ್ದರು. ಆ ಮಾತಿನಲ್ಲಿ ಎಷ್ಟು ದೊಡ್ಡ ಮನಸ್ಸು ಕಾಣುತ್ತಿತ್ತೆಂದರೆ, ಚಿಕ್ಕವೆಂಕಟಪ್ಪನವರ ತಲೆ ಇನ್ನೂ ಎರಡು ಇಂಚು ಕೆಳಗೆ ಹೋಗುತ್ತಿತ್ತು.

ತೊಂಬತ್ತೊಂದರಲ್ಲಿ ಮಾವನವರಿಗೆ ಎಂಬತ್ತೊಂದು ತುಂಬಿತು. ಮಗ ವೇಣುಗೋಪಾಲ ಸಹಸ್ರ ಚಂದ್ರ ದರ್ಶನ ಶಾಂತಿಗೆ ದಿನ ಗೊತ್ತು ಮಾಡಿದ. ಅವನಿಗೆ ಇನ್ನೊಂದು ಆಸೆಯೂ ಹುಟ್ಟಿತು: ಆ ದಿನ ಅಪ್ಪನಿಗೆ ಹಳೆಯ ಗ್ರಾಮಫೋನು ಕೇಳಿಸಬೇಕು. ಬೆಂಗಳೂರಿಗೆ ಒಯ್ದು ತೋರಿಸಿದರೆ ಅಂಗಡಿಯವನು ಸ್ಪೀಕರು, ವೈರು ಹಾಕಿ ಕರೆಂಟಿನಲ್ಲಿ ಓಡಿಸಿಕೊಡುತ್ತೇನೆ ಎಂದನಂತೆ. ಹಾಗೆ ಮಾಡಿದರೆ ಅದು ಅಪ್ಪನ ಗ್ರಾಮಫೋನೇ ಅಲ್ಲವೆಂದು ವೇಣುಗೋಪಾಲ ಪೆಟ್ಟಿಗೆಯನ್ನು ಅಲ್ಲಿಂದ ಎತ್ತಿಕೊಂಡು, ಅಪ್ಪನಿಗೆ ಹೇಳದೆ, ನೇರ ಭಾವನ ಶೆಡ್ಡಿಗೆ ತಂದಿಟ್ಟ. ಮನೆಯಲ್ಲಿ ಕಸೂತಿ ಬಟ್ಟೆಯ ಕೆಳಗೆ ಅಷ್ಟೇ ದೊಡ್ಡ ಖಾಲಿ ಪೆಟ್ಟಿಗೆಯೊಂದು ಕೂತಿತ್ತು.

“ಭಾವ, ಹದಿನೈದು ದಿನ ಐತೆ. ಆಯ್ತದಾ?”

ಚಿಕ್ಕವೆಂಕಟಪ್ಪನವರು ಕೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡರಂತೆ. “ಆಗದಿದ್ರೆ ನಾನು ನಿಮ್ಮನೇಗೆ ಬರಲ್ಲ ಕಣಪ್ಪ” ಎಂದರಂತೆ. ವೇಣುಗೋಪಾಲ ಅದನ್ನು ನಗೆಮಾತೆಂದುಕೊಂಡ. ನನಗೆ ಹೇಳಿದಾಗ ನಾನು ನಗಲಿಲ್ಲ, ಏಕೆಂದರೆ ಚಿಕ್ಕವೆಂಕಟಪ್ಪನವರು ತಮಾಷೆ ಮಾಡಿದ್ದನ್ನು ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಭಾನುವಾರ ನಾನು ಅವರ ಶೆಡ್ಡಿಗೆ ಹೋದೆ. ಸಹಾಯಕ್ಕೆ ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಬೇರೆಯದೇ ಚಿಂತೆಯಿತ್ತು. ಅವರು ಅದನ್ನು ಸರಿ ಮಾಡಿಬಿಟ್ಟರೆ ನನ್ನ ಕುರ್ಚಿಯ ಗತಿಯೇನು?

ಅವರ ಶೆಡ್ಡಿನಲ್ಲಿ ನಾಲ್ಕು ಮಗ್ಗ. ನಾಲ್ಕೂ ಓಡುತ್ತಿದ್ದವು. ಆ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ವಿದ್ಯೆ ಬರುತ್ತದೆ: ದನಿ ಇಲ್ಲದೆ ತುಟಿ ಮಾತ್ರ ಆಡಿಸಿ ಮಾತಾಡುವುದು, ಎದುರಿನವರ ತುಟಿ ನೋಡಿ ತಿಳಿಯುವುದು. ಈ ಮೂಲೆಯಿಂದ ಆ ಮೂಲೆಗೆ ಗಂಡ ಹೆಂಡಿರು ಇಡೀ ಜಗಳವನ್ನು ಹೀಗೇ ಮುಗಿಸುತ್ತಾರೆ. ಮಗ್ಗದ ಸದ್ದಿಲ್ಲದ ಕಡೆ ಬಂದರೆ ಎದುರಿಗೇ ಕೂತವರೊಡನೆಯೂ ಕೂಗಿ ಮಾತಾಡುತ್ತಾರೆ, ಏಕೆಂದರೆ ಕಿವಿ ಅರ್ಧ ಹೋಗಿರುತ್ತದೆ. ಚಿಕ್ಕವೆಂಕಟಪ್ಪನವರಿಗೆ ಬರುತ್ತಿದ್ದುದು ಈ ಎರಡೇ. ಒಂದೋ ಕೂಗು, ಇಲ್ಲವೇ ಬರೀ ತುಟಿ. ನಡುವೆ ಮೆಲ್ಲನೆ ಆಡುವ ಮಾತು ಎಂಬುದೊಂದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಸ್ಕೂಲು ಮೇಷ್ಟ್ರು. ನಮ್ಮ ತಂದೆಯ ಕಾಲಕ್ಕೇ ಮನೆಯಲ್ಲಿ ಮಗ್ಗ ನಿಂತಿತ್ತು. ತುಟಿ ಓದಲು ನನಗೆ ಬಾರದು.

ಅವರು ನೆಲದ ಮೇಲೆ ಗೋಣಿ ಹಾಸಿ ಮೋಟಾರನ್ನು ಪೆಟ್ಟಿಗೆಯಿಂದ ಹೊರತೆಗೆದಿದ್ದರು. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗು ಒಂದು ದುಂಡನೆಯ ಕಬ್ಬಿಣದ ಡಬ್ಬಿಯೊಳಗೆ ಇರುತ್ತದೆ. ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಕಪ್ಪಗೆ ಗಟ್ಟಿಯಾದ ಗ್ರೀಸು, ಹರಳೆಣ್ಣೆ ಮಡ್ಡಿಯ ಹಾಗೆ. ಇಕ್ಕಳ ಹಾಕಿ ಸ್ಪ್ರಿಂಗಿನ ನಡುತುದಿಯನ್ನು ಎಳೆಯುತ್ತ ನನ್ನ ಕಡೆ ತಿರುಗಿ ತುಟಿಯಾಡಿಸಿದರು. ನಾನು ಮುಗುಳ್ನಕ್ಕು ತಲೆಯಾಡಿಸಿದೆ. ಅವರು ಮತ್ತೆ ತುಟಿಯಾಡಿಸಿದರು, ಈ ಸಲ ಹುಬ್ಬು ಮೇಲೇರಿತ್ತು. ನಾನು ಇನ್ನೂ ಚೆನ್ನಾಗಿ ನಕ್ಕೆ. ಅವರು ಹೇಳಿದ್ದು, “ಮೇಷ್ಟ್ರೇ, ಬಗ್ಗಿ!”

ಹನ್ನೆರಡು ಅಡಿ ಉದ್ದದ ಉಕ್ಕಿನ ಪಟ್ಟಿ ಡಬ್ಬಿಯಿಂದ ಹಾರಿ ಶೆಡ್ಡಿನ ತುಂಬ ಬಿಚ್ಚಿಕೊಂಡಿತು. ಮೊದಲು ಗೋಡೆಯ ಕ್ಯಾಲೆಂಡರು ಬಿತ್ತು. ಆಮೇಲೆ ನನ್ನ ಕೊಡೆ. ಆಮೇಲೆ ನಾನು. ಎದ್ದು ನೋಡಿಕೊಂಡರೆ, ಇಸ್ತ್ರಿ ಮಾಡಿದ ಬಿಳಿಯ ಅಂಗಿಯ ಮೇಲೆ ಹೆಗಲಿನಿಂದ ಸೊಂಟದವರೆಗೆ ಗ್ರೀಸಿನ ಜನಿವಾರ ಬಿದ್ದಿತ್ತು. ಚಿಕ್ಕವೆಂಕಟಪ್ಪನವರು ನನ್ನನ್ನು ನೋಡಲಿಲ್ಲ. ಓಡಿಹೋಗಿ ಮಗ್ಗದ ಮೇಲಿದ್ದ ಸೀರೆಗೆ ಕಲೆಯಾಗಿದೆಯೇ ಎಂದು ನೋಡಿದರು. ಅಲ್ಲಿ ಏನೂ ಆಗಿರಲಿಲ್ಲ. “ಪುಣ್ಯ” ಎಂದು ಕೂಗಿದರು.

ಅವರ ಹೆಂಡತಿ ನಾರಾಯಣಮ್ಮನವರು ಆ ಕೂಗು ಕೇಳಿ ಮನೆಯೊಳಗಿಂದ ಬಂದರು. ನನಗೆ ಕೂರಲು ಮಣೆ ಕೊಟ್ಟು, ಅಂಗಿ ನೋಡಿ, ಸೆರಗು ಬಾಯಿಗೆ ಹಿಡಿದು ನಕ್ಕರು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಏಕೆಂದರೆ ಚಿಕ್ಕವೆಂಕಟಪ್ಪನವರು ಆಗ ಖಾಲಿ ಡಬ್ಬಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು. ಡಬ್ಬಿಯ ಒಳಗೋಡೆಯಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತದೆ. ಸ್ಪ್ರಿಂಗಿನ ಹೊರತುದಿಯ ತೂತು ಅದಕ್ಕೆ ಸಿಕ್ಕಿಕೊಂಡಿರಬೇಕು. ತೂತು ಹರಿದಿತ್ತು, ಅದು ಅವರು ಎಣಿಸಿದ್ದೇ. ಆದರೆ ಕೊಕ್ಕೆಗೆ ಏನೋ ಕಟ್ಟಿತ್ತು. ಗ್ರೀಸು ಬಿಡಿಸಿದಂತೆ ಅದು ಮಿನುಗತೊಡಗಿತು. ಕೆಂಪು ರೇಷ್ಮೆ. ಅದರ ಜೊತೆಗೆ ಹೊಸೆದ ಜರಿ, ಇಪ್ಪತ್ತು ಮೂವತ್ತು ಎಳೆ ಸೇರಿಸಿ ಮಾಡಿದ ದಾರ. ಅದರ ಒಂದು ತುಣುಕು ಸ್ಪ್ರಿಂಗಿನ ತುದಿಯಲ್ಲೂ ಗಂಟು ಹಾಕಿಕೊಂಡಿತ್ತು. ನಡುವೆ ಕಿತ್ತುಹೋಗಿತ್ತು.

ಅವರು ಎದ್ದು ಹೋಗಿ ನಾಲ್ಕು ಮಗ್ಗವನ್ನೂ ನಿಲ್ಲಿಸಿದರು. ಹಾಡುಹಗಲು, ಕರೆಂಟಿರುವಾಗ, ಅವರು ಮಗ್ಗ ನಿಲ್ಲಿಸಿದ್ದನ್ನು ಆ ಬೀದಿ ಕಂಡಿರಲಿಲ್ಲ. ಪಕ್ಕದ ಶೆಡ್ಡಿನವರು ಯಾರೋ ಹೋಗಿಬಿಟ್ಟರೇನೋ ಎಂದು ಇಣುಕಿ ನೋಡಿಹೋದರು.

“ಮೇಷ್ಟ್ರೇ, ಈ ಸ್ಪ್ರಿಂಗು ಮೊದ್ಲೇ ಹರಿದಿತ್ತು” ಎಂದರು. “ಯಾರೋ ದಾರ ಕಟ್ಟವ್ರೆ. ನಾನು ಕೀ ಕೊಟ್ಟಾಗ ದಾರ ಕಿತ್ತೋಗೈತೆ.”

ಎಳೆ ಹರಿದರೆ ಗಂಟು ಹಾಕು, ಮುಂದೆ ಹೋಗು. ನೇಯುವವನ ಕೈಗೆ ಗೊತ್ತಿರುವ ಔಷಧ ಇದೊಂದೇ. ಉಕ್ಕಿನ ಸ್ಪ್ರಿಂಗಿಗೆ ಜರಿ ಕಟ್ಟುವ ಬುದ್ಧಿ ಅಕ್ಕಸಾಲಿಗೆ ಬಾರದು, ಕಮ್ಮಾರನಿಗಂತೂ ಬಾರದು. ಅದು ನೇಕಾರನಿಗೇ ಬರಬೇಕು. ಯಾವ ನೇಕಾರ ಎಂಬುದೂ ಗುಟ್ಟಾಗಿ ಉಳಿಯಲಿಲ್ಲ. ಚಿಕ್ಕವೆಂಕಟಪ್ಪನವರು ಗಂಟನ್ನು ಬೆಳಕಿಗೆ ಹಿಡಿದರು. ಅದು ಬಲದಿಂದ ಎಡಕ್ಕೆ ತಿರುಗಿತ್ತು. ಊರಿನಲ್ಲಿ ಎಡಗೈಯಿಂದ ಗಂಟು ಹಾಕುವವರು ಒಬ್ಬರೇ ಇದ್ದರು.

ನಾರಾಯಣಮ್ಮನವರು ಒಳಗೆ ಹೋದರು. ಟ್ರಂಕು ತೆರೆದ ಸದ್ದಾಯಿತು. ತಮ್ಮ ಧಾರೆ ಸೀರೆಯನ್ನು ತಂದು, ಗ್ರೀಸಿನ ಪಕ್ಕದಲ್ಲಿ ಎಂಬ ಎಚ್ಚರವೂ ಇಲ್ಲದೆ, ಹಾಸಿದರು. ಅದೇ ಕೆಂಪು, ಅದೇ ಜರಿ. ಅಪ್ಪ ಮಗಳಿಗೆಂದು ತಾನೇ ನೇಯ್ದ ಸೀರೆ. ಅದರ ಸೆರಗು ನಾಲ್ಕು ಬೆರಳು ಗಿಡ್ಡ ಎಂಬುದು ಆಕೆಯ ಇಪ್ಪತ್ತೇಳು ವರ್ಷದ ಕೊರಗು. ಜರಿ ವ್ಯಾಪಾರಿ ಮೋಸ ಮಾಡಿದ ಎಂದು ಅಪ್ಪ ಹೇಳಿದ್ದರು. ಆ ವ್ಯಾಪಾರಿ ಸತ್ತ ಮೇಲೂ ಆಕೆ ಅವನನ್ನು ಬೈಯುತ್ತಿದ್ದರು.

“ನನ್ನ ಸೆರಗಿನ ಜರಿ ತಗೊಂಡು ಡಬ್ಬಿಗೆ ಕಟ್ಟವ್ನಲ್ಲ ನಮ್ಮಪ್ಪ!” ಎಂದರು. “ರೀ, ಏಳ್ರೀ. ಈಗ್ಲೇ ಹೋಗಿ ಮುಖದ ಮೇಲೆ ಎಸೀರಿ.”

ಚಿಕ್ಕವೆಂಕಟಪ್ಪನವರು ಏಳಲಿಲ್ಲ. ಐವತ್ತೆರಡು ವರ್ಷದ ಆಳು, ಗೋಣಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗ್ರೀಸಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, “ಹಂಗಾದ್ರೆ ನಾನು ಮುರೀಲಿಲ್ಲ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಮೇಷ್ಟ್ರೇ, ನಾನು ಮುರೀಲಿಲ್ಲ” ಎಂದರು. ನಾನು ಹಾಳಾದ ಅಂಗಿಯ ಬಗ್ಗೆ ಏನೋ ಹೇಳಿ ಮುಖ ತಿರುಗಿಸಿದೆ.

ಕೊನೆಗೆ ಅವರು ನಿರ್ಧಾರ ಹೇಳಿದರು. ಗ್ರಾಮಫೋನು ರಿಪೇರಿಯಾಗುತ್ತದೆ. ಶಾಂತಿಯ ದಿನ ಎಲ್ಲರ ಮುಂದೆ ಹಾಡುತ್ತದೆ. ಹಾಡಿದ ಮೇಲೆ, ಜೇಬಿನಿಂದ ಆ ಜರಿಯ ಗಂಟು ತೆಗೆದು, ಎಲ್ಲರ ಮುಂದೆ ಮಾವನನ್ನೇ ಕೇಳುತ್ತೇನೆ ಎಂದರು.

“ಉಪ್ಪು ತಿಂದೋನು ನೀರು ಕುಡೀಲೇಬೇಕು” ಎಂದು ನಾರಾಯಣಮ್ಮನವರು ಸೀರೆ ಮಡಚಿದರು.

ಮುಂದಿನ ಹತ್ತು ದಿನ ಅವರು ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡೆ. ಸ್ಪ್ರಿಂಗಿನ ಹರಿದ ತುದಿಯನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹುಗಿದು ರಾತ್ರಿಯಿಡೀ ಆರಲು ಬಿಟ್ಟರು. ಹಾಗೆ ಮೆತ್ತಗಾದ ತುದಿಗೆ ಹೊಸ ತೂತು ಕೊರೆದರು. ಅವಸರಕ್ಕೆ ಮೊದಲ ಸಲ ಬಿಸಿಯಿದ್ದಾಗಲೇ ನೀರಿಗೆ ಹಾಕಿದ್ದರಿಂದ ಎರಡು ಇಂಚು ಹಪ್ಪಳದಂತೆ ಮುರಿದಿತ್ತು. ಅದಕ್ಕೆ ಯಾರನ್ನೂ ಬೈಯುವಂತಿರಲಿಲ್ಲವಾದ್ದರಿಂದ ನನ್ನನ್ನು ಬೈದರು. ಗ್ರೀಸಿಗೆ ಕರೀ ಸೀಸ ಬೆರೆಸಬೇಕು ಎಂದು ಯಾರೋ ಹೇಳಿದರೆಂದು ನನ್ನ ಶಾಲೆಯ ಪೆನ್ಸಿಲುಗಳನ್ನು ಸೀಳಿ, ಒಳಗಿನ ಕಡ್ಡಿಯನ್ನು ನಾರಾಯಣಮ್ಮನವರ ಕುಟ್ಟಾಣಿಯಲ್ಲಿ ಪುಡಿ ಮಾಡಿಸಿದರು. ಆ ವಾರ ಅವರ ಮನೆಯ ಕಾಫಿಗೆ ಏಲಕ್ಕಿ ಬೇಡ ಎಂದು ನಾನು ಮೊದಲೇ ಹೇಳುತ್ತಿದ್ದೆ.

ಸ್ಪ್ರಿಂಗನ್ನು ಮತ್ತೆ ಡಬ್ಬಿಯೊಳಗೆ ಸುತ್ತಿ ಕೂರಿಸುವುದೇ ದೊಡ್ಡ ಯುದ್ಧ. ಕೈಗೆ ಹಳೆಯ ಚಾದರ ಸುತ್ತಿಕೊಂಡು ಅವರು ಒಂದೊಂದೇ ಸುತ್ತು ಒಳಗೆ ತುರುಕುತ್ತಿದ್ದರು, ನಾನು ಡಬ್ಬಿ ಹಿಡಿದಿದ್ದೆ, ನಾರಾಯಣಮ್ಮನವರು ನನ್ನನ್ನು ಹಿಡಿದಿದ್ದರು. ಮೂರು ಸಲ ಹಾರಿತು. ಮೂರು ಸಲವೂ ನಾನು ಸರಿಯಾಗಿ ಬಗ್ಗಿದೆ. ನಾಲ್ಕನೆಯ ಸಲ ಕೂತಿತು.

ಪ್ಲೇಟು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕು. ಪ್ಲೇಟಿನ ಅಂಚಿಗೆ ಬಿಳಿಯ ದಾರದ ತುಣುಕು ಅಂಟಿಸಿ ನನ್ನ ವಾಚು ನೋಡಿಕೊಂಡು ನಾನು ಎಣಿಸಿದೆ. ಮೊದಲ ಸಲ ನೂರ ಇಪ್ಪತ್ತು ಬಂತು. ಹಾಡುವ ಗಂಡಸು ಇಲಿಯಂತೆ ಕೀಚುತ್ತಿದ್ದ. “ನಮ್ಮ ಮಗ್ಗ ನಿಮಿಷಕ್ಕೆ ಓಡೋದೂ ನೂರ ಇಪ್ಪತ್ತೇ, ಸ್ಪೀಡು ಸರಿಯಾಗೇ ಐತಲ್ಲ!” ಎಂದು ಅವರು ವಾದಿಸಿದರು. ಮಗ್ಗವೇ ಬೇರೆ ಗಾನವೇ ಬೇರೆ ಎಂದು ಒಪ್ಪಿಸಲು ಒಂದು ಸಂಜೆ ಬೇಕಾಯಿತು. ಕೊನೆಗೆ ಎಪ್ಪತ್ತೆಂಟಕ್ಕೆ ಬಂದಾಗ ಸುತ್ತ ಮಗ್ಗಗಳು ಅಬ್ಬರಿಸುತ್ತಿದ್ದವು. ನನಗೆ ಏನೂ ಕೇಳಿಸಲಿಲ್ಲ. ಅವರು ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಆನಿಸಿ ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿ, ಇಡೀ ಹಾಡನ್ನು ಮೂಳೆಯಲ್ಲೇ ಕೇಳಿದರು.

ಶಾಂತಿಯ ದಿನ ಮಾವನ ಮನೆಯ ನಡುಮನೆ ತುಂಬಿಹೋಗಿತ್ತು. ನಲವತ್ತು ಐವತ್ತು ಜನ, ಪುರೋಹಿತರನ್ನೂ ನನ್ನನ್ನೂ ಬಿಟ್ಟರೆ ಎಲ್ಲರೂ ಮಗ್ಗದವರೇ. ಹೋಮ ಮುಗಿದಿತ್ತು. ಹಿತ್ತಿಲಿನ ಚಪ್ಪರದಲ್ಲಿ ಎಲೆ ಹಾಕಿದ್ದರು. ಮಾವನವರು ಹಾರ ಹಾಕಿಕೊಂಡು, ಶಾಲು ಹೊದ್ದು, ಕುರ್ಚಿಯಲ್ಲಿ ಕೂತಿದ್ದರು. ಒಂದು ಗಂಟೆಗೆ ದಿನದ ವಾಡಿಕೆಯಂತೆ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಇಡೀ ಪೇಟೆಗೆ ಕಿವಿ ಬಂದಂತಾಯಿತು. ಅದಕ್ಕೆಂದೇ ಕಾದಿದ್ದ ವೇಣುಗೋಪಾಲ ಎದುರುಗಡೆ ಸ್ಟೂಲಿನ ಮೇಲೆ ಪೆಟ್ಟಿಗೆ ತಂದಿಟ್ಟು ಬಟ್ಟೆ ಎಳೆದ.

ಮಾವನವರ ಮುಖ ಒಂದು ಕ್ಷಣ ಬಿಳುಚಿತು. ಸಂತೋಷಕ್ಕೆ ಎಂದು ಎಲ್ಲರೂ ಅಂದುಕೊಂಡರು.

ಚಿಕ್ಕವೆಂಕಟಪ್ಪನವರು ಪಕ್ಕದಲ್ಲಿ ನಿಂತು ಕೀ ಕೊಟ್ಟರು. ಹನ್ನೊಂದನೆಯ ಸುತ್ತಿಗೆ ನನಗೇ ಗೊತ್ತಿಲ್ಲದೆ ನಾನು ಬಗ್ಗಿದ್ದೆ. ಏನೂ ಆಗಲಿಲ್ಲ. ಮುಳ್ಳು ಇಟ್ಟರು. ಚರಚರ ಎಂದಿತು, ಆಮೇಲೆ ಎಲ್ಲಿಂದಲೋ ಒಬ್ಬ ನಾಟಕದವನು ಎತ್ತರದ ದನಿಯಲ್ಲಿ ಪದ ಹಾಡತೊಡಗಿದ. ಹೆಂಗಸರು ಕೈ ಬಾಯಿಗೆ ಇಟ್ಟುಕೊಂಡರು. ನರಸಮ್ಮನವರು ಕಣ್ಣೊರೆಸಿಕೊಂಡು, ಮನೆಗೆಲ್ಲ ಕೇಳುವಂತೆ, “ಮುರಿದ ಕೈಯೇ ಜೋಡಿಸ್ತು ನೋಡ್ರಪ್ಪ! ಕೀ ಅಳಿಯನ ಪಾಪ ಇವತ್ತಿಗೆ ತೀರ್ತು” ಎಂದರು. ಎಲ್ಲರೂ ನಕ್ಕರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಾರಾಯಣಮ್ಮನವರು ಗಂಡನಿಗೆ ಕಣ್ಸನ್ನೆ ಮಾಡಿದರು. ಚಿಕ್ಕವೆಂಕಟಪ್ಪನವರು ಜೇಬಿಗೆ ಕೈ ಹಾಕಿದರು. ಬೆರಳ ನಡುವೆ ಜರಿ ಒಮ್ಮೆ ಮಿನುಗಿತು. ಮಾವನವರು ಅದನ್ನು ನೋಡಿದರು. ಹಾರದೊಳಗೆ ಆ ಮುದುಕ ಎಷ್ಟು ಚಿಕ್ಕವರಾಗಿಬಿಟ್ಟರೆಂದರೆ, ನನಗೆ ಅಯ್ಯೋ ಅನ್ನಿಸಿತು. ಷಡ್ಡಕನಿಗೂ ಅನ್ನಿಸಿರಬೇಕು. ಕೈ ಖಾಲಿಯಾಗಿ ಹೊರಗೆ ಬಂತು.

ಆದರೆ ಇಪ್ಪತ್ತೇಳು ವರ್ಷವನ್ನು ನುಂಗಿಕೊಂಡು ಸುಮ್ಮನಿರಲು ಅವರೇನು ಋಷಿಯೇ? ಗುಟ್ಟಾಗಿ, ಮಾವನಿಗೆ ಮಾತ್ರ ತಿಳಿಯುವಂತೆ ಕೇಳಿಬಿಡೋಣ ಎಂದುಕೊಂಡರು. ಗುಟ್ಟಿನ ಮಾತಿಗೆ ಅವರಿಗೆ ಗೊತ್ತಿದ್ದ ದಾರಿ ಒಂದೇ. ಅಲ್ಲಿಂದಲೇ, ದನಿಯಿಲ್ಲದೆ, ತುಟಿಯಾಡಿಸಿದರು. ಮಾವನವರೂ ಹಾಗೇ ಉತ್ತರ ಕೊಟ್ಟರು. ಹಾಡು ತನ್ನ ಪಾಡಿಗೆ ಹೋಗುತ್ತಿತ್ತು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಅರುಣಾ, ಅದೇ ಮನೆಯ ಮಗಳು, ಕಣ್ಣು ಕೀಳದೆ ನನ್ನ ಕಿವಿಯಲ್ಲಿ ಒಂದೊಂದೇ ಮಾತನ್ನು ಹೇಳುತ್ತ ಹೋದಳು.

“ಮಾವ, ಡಬ್ಬಿ ಒಳಗೆ ಜರಿ ಸಿಕ್ತು.”

“ಗೊತ್ತು.”

“ಎಡಗೈ ಗಂಟು.”

“ನಂದೇ. ಮದುವೆಗೆ ಎರಡು ದಿನ ಮುಂಚೆ ನನ್ನ ಕೈಯಲ್ಲೇ ಹರೀತು.”

“ಗೊತ್ತಿದ್ದೂ ನನ್ನ ಕೈಗೆ ಯಾಕೆ ಕೊಟ್ರಿ?”

“ಬೀಗರು ಬಿಡ್ಲಿಲ್ಲ. ನನ್ನ ಕೈಯಲ್ಲಿ ಕಿತ್ತೋದ್ರೆ ಮಾನ ಹೋಗ್ತಿತ್ತು. ಅಳಿಯಂದಿರೇ, ಜನ ಇದಾರೆ. ಯಾರಿಗೂ ಹೇಳ್ಬೇಡಿ.”

“ಹೇಳಲ್ಲ.”

ಆಗ ನಾನು ಸುತ್ತ ನೋಡಿದೆ. ಗ್ರಾಮಫೋನಿನ ಕಡೆ ಯಾರೂ ನೋಡುತ್ತಿರಲಿಲ್ಲ. ಐವತ್ತು ಕತ್ತುಗಳು ಒಟ್ಟಿಗೆ ಒಮ್ಮೆ ಅಳಿಯನ ಕಡೆ, ಒಮ್ಮೆ ಮಾವನ ಕಡೆ ಹೊರಳುತ್ತಿದ್ದವು. ಆ ಊರಿನಲ್ಲಿ ಅದಕ್ಕಿಂತ ಬಹಿರಂಗವಾಗಿ ಒಂದು ಗುಟ್ಟನ್ನು ಯಾರೂ ಹೇಳಿರಲಾರರು. ಕೂಗಿ ಹೇಳಿದ್ದರೆ ಕಿವಿ ಮಂದವಾದ ನಾಲ್ಕು ಜನರಿಗಾದರೂ ತಪ್ಪಿಹೋಗುತ್ತಿತ್ತು.

ಹಾಡು ಮುಗಿಯಿತು. ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಎನ್ನುತ್ತಿತ್ತು. ಯಾರೂ ಎತ್ತಲಿಲ್ಲ.

“ಎರಡು ದಿನ ಮುಂಚೇನೇ ಹರಿದಿತ್ತಾ, ಅಣ್ಣಯ್ಯ?” ಎಂದರು ನರಸಮ್ಮನವರು.

ಮಾವನವರು ಗಾಬರಿಯಿಂದ ಎಲ್ಲರ ಮುಖ ನೋಡಿದರು. “ಎಲ್ಲಾರೂ ನೋಡ್ಬಿಟ್ರಾ?”

“ನೋಡಿದ್ವಿ” ಎಂದಿತು ನಡುಮನೆ.

“ಏನಾಯಿತು? ಏನು ಹರಿದಿತ್ತು?” ಎಂದು ಪುರೋಹಿತರು ನನ್ನನ್ನು ಕೇಳಿದರು. ಆಮೇಲೆ ಹೇಳುತ್ತೇನೆ ಎಂದೆ.

“ನನ್ನ ಸೆರಗು!” ಎಂದು ಬಾಗಿಲಿನಿಂದ ನಾರಾಯಣಮ್ಮನವರು ಕೂಗಿದರು. “ನಾಕು ಬೆರಳು ಸೆರಗು, ಅಪ್ಪ! ಆ ಸತ್ತೋನ್ನ ಎಷ್ಟು ಬೈದಿದೀನಿ ನಾನು!”

ನರಸಮ್ಮನವರಿಗೆ ಸಿಟ್ಟು ಬಂದಿತ್ತು. ಇಪ್ಪತ್ತೇಳು ವರ್ಷ ಆಡಿದ ಮಾತೆಲ್ಲ ಸುಳ್ಳಾಗಿಹೋಯಿತಲ್ಲ. “ಆಗ ಬೀಗರು ಇದ್ರು, ಸರಿ. ಆಮೇಲೆ ಹೇಳ್ಬೋದಿತ್ತಲ್ಲ?”

ಮಾವನವರು ಶಾಲಿನ ಅಂಚನ್ನು ಎಡಗೈಯಲ್ಲಿ ಸುತ್ತುತ್ತಿದ್ದರು. “ಹೇಳೋಣ ಅಂತ್ಲೇ ಇದ್ದೆ. ಯುಗಾದಿಗೆ ಹೇಳೋಣ ಅಂದ್ಕೊಂಡೆ. ಅಷ್ಟೊತ್ತಿಗೆ ಅಳಿಯಂದ್ರು ಬಂದು, ತಲೆ ತಗ್ಗಿಸ್ಕೊಂಡು ಬಾವಿ ರಾಟೆ ಮಾಡ್ಕೊಟ್ರು. ಗೌರಿ ಹಬ್ಬಕ್ಕೆ ಹೇಳೋಣ ಅಂದ್ರೆ ಸ್ಟೌವು ಕೆಟ್ಟಿತ್ತು.” ಯಾರೋ ಕಿಸಕ್ಕನೆ ನಕ್ಕರು. “ನಗಬೇಡ್ರೋ. ತಪ್ಪು ಅವರದಲ್ಲ ಅಂತ ಗೊತ್ತಾದ್ರೆ ಬರೋದೇ ನಿಲ್ಲಿಸ್ಬಿಡ್ತಾರೆ ಅನ್ನೋ ಭಯ. ಮೊದ್ಮೊದ್ಲು ರಿಪೇರಿಗೆ ಅಂತ. ಆಮೇಲಾಮೇಲೆ ಅವರು ಬಂದು ಅಲ್ಲಿ ಕೂತು ಏನಾದ್ರೂ ಬಿಚ್ಚದಿದ್ರೆ ನಂಗೆ ಹಬ್ಬ ಅಂತ್ಲೇ ಅನ್ನಿಸ್ತಿರ್ಲಿಲ್ಲ. ಹೇಳೋಕೆ ಧೈರ್ಯ ಬರ್ಲಿಲ್ಲ.”

ಎಲ್ಲರೂ ಚಿಕ್ಕವೆಂಕಟಪ್ಪನವರ ಕಡೆ ತಿರುಗಿದರು. ಅವರು ಬಗ್ಗಿ ಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟರು. ಈಗ ಬೈಯುತ್ತಾರೆ ಎಂದುಕೊಂಡೆವು, ಇಲ್ಲವೇ ಹೊರಟುಹೋಗುತ್ತಾರೆ.

“ಮಾವ, ಇಪ್ಪತ್ತೇಳು ವರ್ಷದಿಂದ ಈ ಮನೇಲಿ ನಾನು ಎರಡನೇ ಸಲ ಅನ್ನ ಹಾಕಿ ಅಂತ ಕೇಳಿಲ್ಲ.”

ಅವರಿಗೆ ಮೆಲ್ಲನೆ ಹೇಳಬೇಕೆಂದಿತ್ತೇನೋ. ಆ ಮಾತು ಬೀದಿಯ ಕೊನೆಯವರೆಗೂ ಕೇಳಿಸಿತು. ಯಾರೂ ನಗಲಿಲ್ಲ. ನಾನು ಇಪ್ಪತ್ತು ವರ್ಷ ಹಬ್ಬ ಹಬ್ಬಕ್ಕೂ ಅವರ ಪಕ್ಕದ ಎಲೆಯಲ್ಲಿ ಕೂತು ಉಂಡವನು. ಅವರ ಊಟವೇ ಅಷ್ಟು ಎಂದುಕೊಂಡಿದ್ದೆ. ಅವರು ಬೇಡವೆಂದ ಒಬ್ಬಟ್ಟನ್ನೂ ನಾನೇ ಹಾಕಿಸಿಕೊಂಡು ತಿಂದಿದ್ದೆ. ನನಗೆ ನಾಚಿಕೆಯಾಯಿತು.

ಮಾವನವರು ಕುರ್ಚಿಯ ತೋಳು ಹಿಡಿದು ಎದ್ದರು. ಹಾರ ತೆಗೆದು ಕುರ್ಚಿಯ ಮೇಲಿಟ್ಟರು. “ಎಲೆ ಹಾಕೈತೇನೋ?” ಎಂದು ಮಗನನ್ನು ಕೇಳಿ, ಅಳಿಯನ ಮೊಣಕೈ ಹಿಡಿದುಕೊಂಡು ಹಿತ್ತಿಲಿಗೆ ನಡೆದರು. ಮೊದಲನೆಯ ಎಲೆಯ ಮುಂದೆ ಅವರನ್ನು ಕೂರಿಸಿ, ಬಡಿಸುವವನ ಕೈಯಿಂದ ಅನ್ನದ ಸೌಟು ಕಿತ್ತುಕೊಂಡರು. ಪುರೋಹಿತರು, ಇವತ್ತು ನೀವು ಬಡಿಸಬಾರದು, ಕೂತು ಉಣ್ಣಬೇಕು ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಬತ್ತೊಂದರ ಎಡಗೈಗೆ ಸೌಟು ಭಾರ. ಅನ್ನ ಅರ್ಧ ಎಲೆಯ ಮೇಲೆ, ಅರ್ಧ ನೆಲದ ಮೇಲೆ ಬಿತ್ತು. ಒಬ್ಬಟ್ಟಿನ ಸಾರು ಎಲೆ ದಾಟಿ ಅಳಿಯನ ಪಂಚೆಗೆ ಹರಿಯಿತು. ನಾವೆಲ್ಲ ಬರಿಯ ಎಲೆಯ ಮುಂದೆ ಕೂತು ಕಾಯುತ್ತಿದ್ದೆವು. ಚಿಕ್ಕವೆಂಕಟಪ್ಪನವರು ತಲೆ ಎತ್ತದೆ ಉಂಡರು, ಕಣ್ಣೀರನ್ನು ಒರೆಸಿಕೊಳ್ಳದೆ ಉಂಡರು. ಎಲೆ ಖಾಲಿಯಾದಾಗ ಮಾವನವರು ಸೌಟು ಹಿಡಿದು ನಿಂತೇ ಇದ್ದರು, ತಾವಾಗಿ ಹಾಕಲಿಲ್ಲ. ನಾರಾಯಣಮ್ಮನವರು ಬಾಗಿಲಿಗೆ ಒರಗಿ ನೋಡುತ್ತಿದ್ದರು.

“ಇನ್ನೊಂದು ಸ್ವಲ್ಪ ಹಾಕಿ, ಮಾವ” ಎಂದರು ಚಿಕ್ಕವೆಂಕಟಪ್ಪನವರು.